ಇಂಗ್ಲಿಷ್ ಮಾತು, ಕನ್ನಡದ ನಾಲಗೆ

ಕನ್ನಡ ಪಂಡಿತನಾದವನಿಗೆ ಇಂಗ್ಲಿಷ್ ಮಾತಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ತರಗತಿಯಲ್ಲಿ ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುವವನು ಆಕಾಶವಾಣಿಗೆ ಬಂದು ಇಂಗ್ಲಿಷಿನ ವಿಚಾರ ಹೇಳಹೊರಟರೆ, ಅರ್ಚಕರು ಅಂಗಡಿಯ ಲೆಕ್ಕ ಬರೆಯಲು ಕುಳಿತ ಹಾಗಾಯಿತೆಂದು ನಗುವವರೂ ಉಂಟು. ನಗಲಿ. ಇಂಗ್ಲಿಷ್ ಉಪಾಧ್ಯಾಯರು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಮಾತನ್ನು ಹೇಳುವುದಕ್ಕೆ ಕನ್ನಡದವನೇ ಬೇಕು. ನಾವು ಇಂಗ್ಲಿಷ್ ಮಾತನಾಡುವಾಗ ಎಡವುವ ಕಡೆಗಳನ್ನು ಗುರುತು ಹಾಕುತ್ತಾ ಹೋದರೆ, ಬಹುಪಾಲು ಕಡೆ ನಮ್ಮನ್ನು ಎಡವಿಸಿದ್ದು ಕನ್ನಡದ ಯಾವುದೋ ಒಂದು ನಿಯಮವೇ ಆಗಿರುತ್ತದೆ. ನಮಗೇ ತಿಳಿಯದ ಹಾಗೆ ಆ ನಿಯಮವನ್ನು ನಾವು ಇಂಗ್ಲಿಷಿನಲ್ಲಿಯೂ ಪಾಲಿಸಿರುತ್ತೇವೆ. ಅದು ಯಾವುದೆಂದು ಕಂಡುಕೊಂಡವನಿಗೆ ತಿದ್ದಿಕೊಳ್ಳುವುದು ಅರ್ಧ ಸುಲಭವಾಯಿತು.

ನಾನು ವಾಸವಾಗಿರುವುದು ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯ ಮಗ್ಗುಲಿನ ಅರೆಕೆರೆಯಲ್ಲಿ. ಒಂದು ಕಾಲಕ್ಕೆ ಕೆರೆಯ ಹೆಸರಿನ ಹಳ್ಳಿ. ಇಂದು ಬಹುಮಹಡಿಯ ಮನೆಗಳು, ಆಸ್ಪತ್ರೆಗಳು, ಕಚೇರಿಗಳು ಒತ್ತೊತ್ತಾಗಿ ನಿಂತಿರುವ ಬಡಾವಣೆ. ಸ್ವಲ್ಪ ದೂರದಲ್ಲಿ ಬಿಳೇಕಹಳ್ಳಿಯ ಹತ್ತಿರ, 1973ರಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲುಕಟ್ಟಡಗಳ ಆವರಣವಿದೆ. ನಾನಾ ರಾಜ್ಯಗಳಿಂದ ಬಂದವರು ಇಲ್ಲಿ ನೆಲೆಸಿದ್ದಾರೆ. ಔಷಧದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮಹಡಿ ಮನೆಗಳ ಗೇಟಿನ ಕಾವಲುಗಾರನ ಬಳಿ, ಎಲ್ಲೆಲ್ಲಿಯೂ ದಿನಕ್ಕೆ ಹತ್ತು ಸಲ ಇಂಗ್ಲಿಷ್ ಬೇಕಾಗುತ್ತದೆ. ಅದಿಲ್ಲದೆ ಆಗುವ ನಷ್ಟ ಕಣ್ಣಿಗೆ ಕಾಣುವಂಥದಲ್ಲ. ಪಿ. ಯು. ಸಿ. ಓದಿದ ಗೃಹಿಣಿ ಮಗನ ಶಾಲೆಯ ಪೋಷಕರ ಸಭೆಗೆ ಹೋಗುತ್ತಾಳೆ. ಉಪಾಧ್ಯಾಯಿನಿ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತನಾಡುತ್ತಾರೆ, ಈಕೆ ತಲೆಯಾಡಿಸಿ, ನಕ್ಕು, ಹೊರಗೆ ಬಂದು "ಮಿಸ್ಸು ಏನಂದರೋ?" ಎಂದು ಮಗನನ್ನೇ ಕೇಳುತ್ತಾಳೆ. ಮಗ ತನಗೆ ಅನುಕೂಲವಾದಷ್ಟನ್ನು ಭಾಷಾಂತರ ಮಾಡುತ್ತಾನೆ! ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಪದವೀಧರ ಕೆಲಸದ ಸಂದರ್ಶನಕ್ಕೆ ಹೋಗುತ್ತಾನೆ. ನಿಮ್ಮ ವಿಷಯ ನಾಲ್ಕು ಮಾತು ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದೊಡನೆ ಅವನಿಗೆ ಕರ್ಮಣಿ ಪ್ರಯೋಗದ ನಿಯಮ ನೆನಪಿಗೆ ಬರುತ್ತದೆಯೇ ಹೊರತು ತನ್ನ ಊರಿನ ಹೆಸರು ಬರುವುದಿಲ್ಲ. ಇಬ್ಬರೂ ಇಂಗ್ಲಿಷನ್ನು ಓದಿದವರೇ. ಕಣ್ಣಿನಿಂದ ಓದಿದವರು, ಕಿವಿಯಿಂದಲೂ ನಾಲಗೆಯಿಂದಲೂ ಓದಿದವರಲ್ಲ.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದರು. ದಕ್ಷಿಣ ಭಾರತದ ಉಪಾಧ್ಯಾಯರಿಗೆ ತರಬೇತಿ ಕೊಡುವುದಕ್ಕೆಂದೇ ಬೆಂಗಳೂರಿನಲ್ಲಿ 1963ರಲ್ಲಿ ಒಂದು ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಹುಟ್ಟಿತು. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ಶಾಲೆ ಬಿಟ್ಟು ಎಷ್ಟೋ ವರ್ಷವಾದವರು, ಮನೆಯಲ್ಲಿಯೇ ಕುಳಿತು ತಮ್ಮನ್ನು ತಾವು ತಿದ್ದಿಕೊಳ್ಳಬೇಕಾದವರು, ಅವರ ಸಲುವಾಗಿ ಇಂದಿನ ಮಾತು.

ಮೊದಲು ನಾಚಿಕೆಯ ವಿಷಯ ಮುಗಿಸಿಬಿಡೋಣ. ನಮ್ಮ ಅರೆಕೆರೆ ಎಂಬ ಹೆಸರನ್ನೇ ನೋಡಿ. ಅರೆ ಎಂದರೆ ಅರ್ಧ ಎನ್ನುವವರುಂಟು. ಹಳಗನ್ನಡದಲ್ಲಿ ಶಕಟರೇಫದಿಂದ ಬರೆಯುವ ಅಱೆ ಎಂದರೆ ಬಂಡೆ. ಕೆರೆಯೂ ಹಿಂದೆ ಕೆಱೆಯೇ. ಹೊರಗಿನಿಂದ ಬಂದ ನಮ್ಮ ನೆರೆಯವರು ಈ ಹೆಸರನ್ನು ಅರೇಕರೇ ಎನ್ನುತ್ತಾರೆ, ಅರಿಕೇರಿ ಎನ್ನುತ್ತಾರೆ. ಯಾರೂ ನಾಚುವುದಿಲ್ಲ, ಆಟೋದವನೂ ನಗದೆ ಅವರನ್ನು ಮನೆ ಮುಟ್ಟಿಸುತ್ತಾನೆ. ನಮ್ಮ ಊರಿನ ಹೆಸರನ್ನು ಅವರು ತಪ್ಪಾಗಿ ಹೇಳಿ ನೆಮ್ಮದಿಯಿಂದಿರಬಹುದಾದರೆ, ಅವರ ಮುಂದೆ ಇಂಗ್ಲಿಷಿನ ಒಂದು ಶಬ್ದ ತಪ್ಪಿದರೆ ನಾವು ಬೆವರಬೇಕಾದ್ದಿಲ್ಲ. ಲಂಡನ್ನಿನವರ ಹಾಗೆ ಮಾತನಾಡುವುದು ನಮ್ಮ ಗುರಿಯಲ್ಲ. ಎದುರಿನವರಿಗೆ ಒಂದೇ ಸಲಕ್ಕೆ ಅರ್ಥವಾಗಬೇಕು, ಅಷ್ಟೆ.

ಇನ್ನು ಉಚ್ಚಾರಣೆಗೆ ಬರೋಣ. ಇದರಲ್ಲಿ ನನಗೆ ಹೆಚ್ಚು ಆಸಕ್ತಿ, ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ಇಲ್ಲಿಯೇ ನಿಲ್ಲುತ್ತೇನೆ. ಹಳಗನ್ನಡದಲ್ಲಿ ಶಬ್ದಗಳು ವ್ಯಂಜನದಲ್ಲಿ ನಿಲ್ಲುತ್ತಿದ್ದವು: ಕಣ್, ಕಾಲ್, ಬೇರ್. ಹೊಸಗನ್ನಡಕ್ಕೆ ಅದು ಒಗ್ಗದೆ ಕೊನೆಗೆ ಉಕಾರ ಸೇರಿತು. ಮೊದಲ ಸ್ವರ ಹ್ರಸ್ವವಾದರೆ ವ್ಯಂಜನಕ್ಕೆ ದ್ವಿತ್ವ, ಕಣ್ ಎಂಬುದು ಕಣ್ಣು. ದೀರ್ಘವಾದರೆ ದ್ವಿತ್ವವಿಲ್ಲ, ಕಾಲ್ ಎಂಬುದು ಕಾಲು. ಇಂಗ್ಲಿಷ್ ಶಬ್ದಗಳು ನಮ್ಮ ಮನೆಗೆ ಬಂದಾಗ ಅವಕ್ಕೂ ಇದೇ ಕಟ್ಟಳೆ. ಪೆನ್ನು, ಬಸ್ಸು, ಕಪ್ಪು ಒಂದು ಸಾಲು. ಕಾರು, ರೈಲು ಇನ್ನೊಂದು ಸಾಲು. ಓದುಬರಹ ಬಾರದ ಅಜ್ಜಿಯೂ ಈ ಕಟ್ಟಳೆಯನ್ನು ತಪ್ಪುವುದಿಲ್ಲ. ಕನ್ನಡ ಮಾತಿನ ನಡುವೆ ಇದು ಭೂಷಣ. ಇಂಗ್ಲಿಷ್ ವಾಕ್ಯದಲ್ಲಿ ಮಾತ್ರ ಪ್ರತಿಯೊಂದು ಶಬ್ದಕ್ಕೂ ಒಂದು ಉಕಾರದ ಬಾಲ ಅಂಟಿ ಕೇಳುವವರಿಗೆ ತೊಡಕಾಗುತ್ತದೆ. ಪಂಪನನ್ನು ಓದಿದವರಿಗೆ ಇದರ ಚಿಕಿತ್ಸೆ ಕೈಯಲ್ಲಿಯೇ ಇದೆ. ಕಣ್, ಪಾಲ್, ತೇರ್ ಎಂದು ಓದುವಾಗ ಹೇಗೆ ಬಾಯಿ ಮುಚ್ಚುತ್ತೇವೆಯೋ ಬಸ್, ಪೆನ್, ಕಾರ್ ಎಂಬಲ್ಲಿಯೂ ಹಾಗೆಯೇ ಮುಚ್ಚಿದರೆ ಸಾಕು.

ಶಬ್ದದ ಬಾಲದ ಕಥೆ ಹೀಗಾದರೆ ತಲೆಯದೂ ಒಂದುಂಟು. ನಾವು ಬರೆಯುವುದು ಎಂಟು, ಬಾಯಲ್ಲಿ ಬರುವುದು ಯೆಂಟು. ಬರೆಯುವುದು ಒಂದು, ಹೇಳುವುದು ವೊಂದು. ಪದದ ಮೊದಲಿನ ಎಕಾರಕ್ಕೆ ಯಕಾರವೂ ಒಕಾರಕ್ಕೆ ವಕಾರವೂ ಮೆಲ್ಲನೆ ಬಂದು ಸೇರುತ್ತವೆ. ಅದರಿಂದಾಗಿ ಕೋಳಿಯ ಮೊಟ್ಟೆ ನಮ್ಮ ಬಾಯಲ್ಲಿ ಯೆಗ್ ಆಯಿತು, ಬಾಗಿಲು ತೆರೆಯುವುದು ವೋಪನ್ ಆಯಿತು. ಇಷ್ಟಕ್ಕೆ ಅನರ್ಥವೇನೂ ಆಗದು. ಆದರೆ ಇಂಗ್ಲಿಷಿನಲ್ಲಿ ಕಿವಿಗೂ ವರ್ಷಕ್ಕೂ ಇರುವ ಭೇದವೇ ಮೊದಲಿನ ಯಕಾರ. ಕಿವಿಗೆ ಯಕಾರವಿಲ್ಲ, ವರ್ಷಕ್ಕೆ ಉಂಟು. ಒಂದು ವರ್ಷದಿಂದ ಕಿವಿನೋವು ಎಂದು ವೈದ್ಯರಿಗೆ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಇದಕ್ಕಿಂತ ಒಳ್ಳೆಯ ಅಭ್ಯಾಸವಾಕ್ಯ ಇನ್ನೊಂದಿಲ್ಲ.

ವಕಾರದ್ದು ಇನ್ನೂ ಸ್ವಾರಸ್ಯ. ನಮ್ಮ ವಕಾರವನ್ನು ಶಾಸ್ತ್ರದಲ್ಲಿ ದಂತೋಷ್ಠ್ಯವೆಂದರು, ಹಲ್ಲು ತುಟಿಗಳೆರಡೂ ಸೇರಿ ಹುಟ್ಟುವುದೆಂದು. ಇಂಗ್ಲಿಷಿನಲ್ಲಿ ಎರಡು ವಕಾರಗಳಿವೆ. ಒಂದರಲ್ಲಿ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಬೇಕು. ಇನ್ನೊಂದರಲ್ಲಿ ಹಲ್ಲಿಗೆ ಕೆಲಸವೇ ಇಲ್ಲ; ಉಕಾರಕ್ಕೆ ಮಾಡುವಂತೆ ತುಟಿಗಳನ್ನು ದುಂಡಗೆ ಮಾಡಿ ಅಲ್ಲಿಂದ ಮುಂದಿನ ಸ್ವರಕ್ಕೆ ಜಾರಬೇಕು. ನಮ್ಮ ಬಾಯಲ್ಲಿ ದ್ರಾಕ್ಷಿಯ ಬಳ್ಳಿಯೂ ವೈನ್, ಅದರ ಹಣ್ಣಿನಿಂದ ಇಳಿಸಿದ ಮದ್ಯವೂ ವೈನ್. ಪಶ್ಚಿಮ ದಿಕ್ಕೂ ವೆಸ್ಟ್, ಒಳಂಗಿಯೂ ವೆಸ್ಟ್. ಬಳ್ಳಿಗೂ ಒಳಂಗಿಗೂ ಹಲ್ಲು ತಾಕಿಸಿ. ಮದ್ಯಕ್ಕೂ ಪಶ್ಚಿಮಕ್ಕೂ ತುಟಿ ದುಂಡಗೆ ಮಾಡಿ. ಕನ್ನಡಿಯ ಮುಂದೆ ನಿಂತರೆ ಭೇದ ಕಣ್ಣಿಗೇ ಕಾಣುತ್ತದೆ.

ಈ ವಯಸ್ಸಿನಲ್ಲಿ ಹೊಸ ಅಕ್ಷರ ನಾಲಗೆಗೆ ಹತ್ತೀತೆ ಎನ್ನುವವರಿಗೆ ಒಂದು ಮಾತು. ಹಳಗನ್ನಡದ ನಾಲಗೆ ಎರಡು ರೇಫಗಳನ್ನು ಬೇರೆಬೇರೆಯಾಗಿ ನುಡಿಯುತ್ತಿತ್ತು. ನಮ್ಮ ಏಳು, ಬಾಳೆಗಳಲ್ಲಿ ಆಗ ಇದ್ದದ್ದು ಳಕಾರವಲ್ಲ, ಱಕಾರವೂ ಅಲ್ಲ, ೞಕಾರವೆಂಬ ಮತ್ತೊಂದೇ ಧ್ವನಿ. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರವಿರುವ ಶಬ್ದಗಳನ್ನು ಪಟ್ಟಿ ಮಾಡಿಕೊಟ್ಟ. ಸೂತ್ರ ಹೇಳಿ ಬಿಡಲಿಲ್ಲ, ಶಬ್ದಗಳನ್ನು ಎಣಿಸಿದ. ಇಂಗ್ಲಿಷಿನ ಎರಡು ವಕಾರಗಳಿಗೂ ಈ ಮದ್ದೇ ಸರಿ: ಒಂದು ನೋಟುಪುಸ್ತಕ, ಎರಡು ಅಂಕಣ, ದಿನಕ್ಕೆ ನಾಲ್ಕು ಶಬ್ದ. ವರ್ಣಗಳ ಸ್ಥಾನ ಪ್ರಯತ್ನಗಳನ್ನು ಗುರುತಿಸುವ ಈ ವಿದ್ಯೆ ನಮ್ಮ ಶಿಕ್ಷಾಶಾಸ್ತ್ರದ ಆಸ್ತಿ. ಡಬ್ಲ್ಯು. ಎಸ್. ಆಲನ್ ಎಂಬ ಆಂಗ್ಲ ವಿದ್ವಾಂಸರು ಪ್ರಾಚೀನ ಭಾರತದ ಧ್ವನಿಶಾಸ್ತ್ರವನ್ನೇ ಕುರಿತು 1953ರಲ್ಲಿ ಒಂದು ಗ್ರಂಥ ಬರೆದರು. ಅವರಿಗೆ ಬೇಕಾದದ್ದು ನಮಗೆ ಬೇಡವಾಗಬೇಕೆ?

ಇವುಗಳಿಗಿಂತ ದೊಡ್ಡ ತೊಡಕು ಒತ್ತಿನದು. ಒತ್ತಕ್ಷರವಲ್ಲ, ದನಿಯ ಒತ್ತು. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರದರ ಮಾತ್ರೆ ಸಲ್ಲುತ್ತದೆ. ಲಘುವಿಗೆ ಒಂದು, ಗುರುವಿಗೆ ಎರಡು. ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನು ಎತ್ತಿ ಹಿಡಿದು ಮಿಕ್ಕವನ್ನು ಅರ್ಧ ನುಂಗಿಬಿಡುತ್ತಾರೆ. ಹೋಟೆಲ್ ಎನ್ನುವಾಗ ನಾವು ಮೊದಲನೆಯ ಅಕ್ಷರವನ್ನು ಎಳೆಯುತ್ತೇವೆ, ಅವರು ಎರಡನೆಯದನ್ನು ಒತ್ತುತ್ತಾರೆ. ಆಫೀಸ್ ಎನ್ನುವಾಗ ನಾವು ಎರಡನೆಯದನ್ನು ಎಳೆಯುತ್ತೇವೆ, ಅವರು ಮೊದಲನೆಯದನ್ನು ಒತ್ತಿ ಎರಡನೆಯದನ್ನು ನುಂಗುತ್ತಾರೆ. ಎರಡೂ ತಿರುಗುಮುರುಗು! ಫೋಟೋಗ್ರಾಫ್ ಎಂಬಲ್ಲಿ ಮೊದಲ ಅಕ್ಷರಕ್ಕಿರುವ ಒತ್ತು, ಆ ಕಲೆಯ ಹೆಸರು ಹೇಳುವಾಗ ಎರಡನೆಯದಕ್ಕೆ ಹೋಗುತ್ತದೆ. ಒಂದೊಂದು ಅಕ್ಷರ ಸ್ಪಷ್ಟವಾಗಿದ್ದರೂ ನಮ್ಮ ಮಾತು ಅವರಿಗೆ ಹಿಡಿಯದೆ ಹೋಗುವುದು ಎಷ್ಟೋ ಸಲ ಇದರಿಂದ. ನಿಘಂಟು ತೆಗೆದಾಗ ಅರ್ಥವೊಂದನ್ನೇ ನೋಡಿ ಮುಚ್ಚಬೇಡಿ. ಒತ್ತು ಎಲ್ಲಿ ಬೀಳುತ್ತದೆಂದು ತೋರಿಸುವ ಸಣ್ಣ ಗೀಟನ್ನೂ ನೋಡಿ.

ಈ ಒತ್ತು ತಿಳಿದವರಿಗೆ ವ್ಯಾಕರಣದ ಒಂದು ಗಂಟೂ ಬಿಚ್ಚುತ್ತದೆ. 'ಇಲ್ಲೇ ಇದೆ', 'ನಾನೇ ಮಾಡಿದೆ' ಎಂಬಲ್ಲಿ ಬರುವ ಏಕಾರ ನಮ್ಮ ಅವಧಾರಣೆ. ಅದನ್ನು ಇಂಗ್ಲಿಷಿಗೆ ತರಹೋಗಿ 'ಹಿಯರ್ ಓನ್ಲಿ', 'ಐ ಓನ್ಲಿ' ಎಂದು ಬೆಂಗಳೂರಿನವರೆಲ್ಲ ಹೇಳುತ್ತೇವೆ. ಇಂಗ್ಲಿಷಿನವರು ಹೆಚ್ಚಾಗಿ ಅವಧಾರಣೆಯನ್ನು ಶಬ್ದ ಸೇರಿಸಿ ಮಾಡುವುದಿಲ್ಲ, ದನಿಯಿಂದ ಮಾಡುತ್ತಾರೆ. 'ಐ ಡಿಡ್ ಇಟ್' ಎಂಬಲ್ಲಿ ಐ ಎಂಬುದನ್ನು ಒತ್ತಿದರೆ 'ನಾನೇ ಮಾಡಿದೆ' ಎಂದಾಯಿತು.

ವ್ಯಾಕರಣದ ವಿಷಯ ಬಂತು. ಕಾಲಗಳ ಕೋಷ್ಟಕವನ್ನು ಶಾಲೆಯಲ್ಲಿ ಬೇಕಾದಷ್ಟು ಉರು ಹೊಡೆದಿದ್ದೇವೆ, ಅದನ್ನು ಬಿಡೋಣ. ಪದಗಳ ಕ್ರಮ ಮುಖ್ಯ. 'ರಾಮನು ರಾವಣನನ್ನು ಕೊಂದನು' ಎಂಬ ವಾಕ್ಯವನ್ನು ಹೇಗೆ ಬೇಕಾದರೂ ತಿರುಗಿಸಿ: ರಾವಣನನ್ನು ಕೊಂದನು ರಾಮನು, ಕೊಂದನು ರಾಮನು ರಾವಣನನ್ನು. ದ್ವಿತೀಯಾ ವಿಭಕ್ತಿ ಕಾವಲಿದ್ದು ರಾಮನಿಗೆ ಅಪಾಯವಿಲ್ಲ. ಇಂಗ್ಲಿಷಿನಲ್ಲಿ ಆ ಕಾವಲಿಲ್ಲ. ಹೆಸರುಗಳ ಜಾಗ ಬದಲಾದರೆ ರಾವಣನೇ ರಾಮನನ್ನು ಕೊಂದುಬಿಡುತ್ತಾನೆ. ವಿಭಕ್ತಿಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಸ್ಥಾನ ಮಾಡುತ್ತದೆ. ಪ್ರಶ್ನೆ ಕೇಳುವಾಗಲೂ ಹಾಗೆಯೇ. 'ವೇರ್ ಯು ಆರ್ ಗೋಯಿಂಗ್' ಎನ್ನುವುದು ನಮ್ಮ ಕ್ರಮ, 'ವೇರ್ ಆರ್ ಯು ಗೋಯಿಂಗ್' ಎನ್ನುವುದು ಅವರದು.

ಏ, ದಿ ಎಂಬ ಎರಡು ಉಪಪದಗಳಿಗೆ ಎಲ್ಲರೂ ಹೆದರುತ್ತಾರೆ, ಕನ್ನಡದಲ್ಲಿ ಅವಿಲ್ಲವೆಂದು. ಆದರೆ ಆ ಭೇದ ನಮ್ಮಲ್ಲಿ ಬೇರೊಂದು ವೇಷದಲ್ಲಿದೆ. 'ನಿನ್ನೆ ಪುಸ್ತಕ ಕೊಂಡೆ' ಎಂದರೆ ಯಾವುದೋ ಒಂದು ಪುಸ್ತಕ. 'ನಿನ್ನೆ ಪುಸ್ತಕವನ್ನು ಕೊಂಡೆ' ಎಂದರೆ ಕೇಳುವವನಿಗೂ ಗೊತ್ತಿರುವ ಆ ಪುಸ್ತಕ. ಮೊದಲನೆಯದಕ್ಕೆ ಏ, ಎರಡನೆಯದಕ್ಕೆ ದಿ. ಎಲ್ಲೆಡೆಯೂ ಈ ಉಪಾಯ ನಡೆಯದು. ನಡೆಯುವಷ್ಟು ದೂರ ನಡೆಸಿಕೊಳ್ಳಿ. 'ಐ ಆಮ್ ನೋಯಿಂಗ್' ಎಂಬ ಪ್ರಸಿದ್ಧ ದೋಷಕ್ಕೂ ಕನ್ನಡವೇ ಔಷಧ. 'ನನಗೆ ಗೊತ್ತಿರುತ್ತಾ ಇದೆ' ಎಂದು ಕನ್ನಡದಲ್ಲಿ ನಾವು ಹೇಳುವುದಿಲ್ಲವಷ್ಟೆ, ಇಂಗ್ಲಿಷಿನಲ್ಲಿಯೂ ಹೇಳಬಾರದು.

ಇವೆಲ್ಲ ತಪ್ಪಿದರೂ ಮಾತು ಹೇಗೋ ಸಾಗುತ್ತದೆ. ನಿಜವಾಗಿ ಬೆಲೆ ತೆರಬೇಕಾದ ತಪ್ಪು ಹೌದು, ಇಲ್ಲಗಳದು. ರಕ್ತ ಪರೀಕ್ಷೆಗೆ ಹೋಗಿದ್ದೀರಿ. ಬೆಳಗಿನಿಂದ ಏನೂ ತಿಂದಿಲ್ಲವೆ ಎಂದು ಕೇಳುತ್ತಾರೆ. ಕನ್ನಡದಲ್ಲಿ 'ಹೌದು, ತಿಂದಿಲ್ಲ' ಎನ್ನುತ್ತೇವೆ. ಕೇಳಿದವರ ಮಾತನ್ನು ಒಪ್ಪಿ ಹೌದು ಎಂದದ್ದು. ಅದೇ ಅಭ್ಯಾಸದಲ್ಲಿ ಇಂಗ್ಲಿಷಿನಲ್ಲಿ ಬರಿಯ 'ಯೆಸ್' ಎಂದರೆ 'ತಿಂದಿದ್ದೇನೆ' ಎಂದು ತಿಳಿದಾರು. ಈ ಔಷಧ ನಿಮಗೆ ಒಗ್ಗುವುದಿಲ್ಲವೆ ಎಂದು ಕೇಳಿದಾಗ ಇದೇ ಗೊಂದಲವಾದರೆ ಗತಿಯೇನು? ಇಂಗ್ಲಿಷಿನ ಉತ್ತರ ಪ್ರಶ್ನೆಯನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ. ತಿಂದಿಲ್ಲವಾದರೆ ಪ್ರಶ್ನೆ ಹೇಗೇ ಇರಲಿ, 'ನೋ'. ಅನುಮಾನ ಬಂದರೆ ಒಂದೇ ಪದಕ್ಕೆ ನಿಲ್ಲಿಸದೆ ಪೂರ್ತಿ ವಾಕ್ಯ ಹೇಳಿ.

ಶಬ್ದಸಂಪತ್ತಿನ ಬಗ್ಗೆ ಜನರಿಗೆ ಇಲ್ಲದ ಚಿಂತೆ. ದಿನಕ್ಕೆ ಹತ್ತರಂತೆ ನಿಘಂಟನ್ನು ಉರು ಹೊಡೆಯುವ ಹುಡುಗರನ್ನು ಕಂಡಿದ್ದೇನೆ. ಆ ಶಬ್ದಗಳು ಆಡಲು ಸಿಗುವುದಿಲ್ಲ, ಏಕೆಂದರೆ ಅವಕ್ಕೆ ನೆಂಟರಿಲ್ಲ. ನಮ್ಮ ಮನೆಮಾತಿನ 'ಹಾಕು' ಎಂಬ ಒಂದು ಧಾತುವನ್ನು ತೆಗೆದುಕೊಳ್ಳಿ. ಬಾಗಿಲು ಹಾಕು, ಬೀಗ ಹಾಕು, ಅಂಗಿ ಹಾಕು, ಸಾರು ಹಾಕು, ರಂಗೋಲಿ ಹಾಕು, ಗಿಡಕ್ಕೆ ನೀರು ಹಾಕು, ಫ್ಯಾನು ಹಾಕು, ಸಹಿ ಹಾಕು. ಎಂಟು ಕೆಲಸಕ್ಕೆ ಒಂದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಬಾಗಿಲಿಗೆ ಶಟ್, ಬೀಗಕ್ಕೆ ಲಾಕ್, ಅಂಗಿಗೆ ವೇರ್, ಸಾರಿಗೆ ಸರ್ವ್, ರಂಗೋಲಿಗೆ ಡ್ರಾ, ಗಿಡಕ್ಕೆ ವಾಟರ್ ಎಂಬ ನಾಮಪದವೇ ಕ್ರಿಯಾಪದ, ಫ್ಯಾನಿಗೆ ಸ್ವಿಚ್ ಆನ್, ಸಹಿಗೆ ಸೈನ್. ಎಲ್ಲಕ್ಕೂ 'ಪುಟ್' ಎಂದವರ ಮನೆಯ ಬಾಗಿಲು ಹಾಕಿಕೊಳ್ಳುವುದೇ ಇಲ್ಲ. ಹೀಗೆಯೇ 'ತೆಗೆ', 'ಮಾಡು', 'ಹೊಡೆ', 'ಬರು' ಇವುಗಳಿಗೆ ಒಂದೊಂದು ಪುಟ ಮೀಸಲಿಡಿ. ಅಡಿಗೆಮನೆಯಲ್ಲಿ ಕೈ ಆಡುತ್ತಿರುವಾಗಲೇ ಈ ಅಭ್ಯಾಸ ನಡೆಯಬಹುದು. ಪ್ರತಿಯೊಂದು ಶಬ್ದವೂ ತನ್ನ ಜೊತೆಗಾರನನ್ನು ಕೈಹಿಡಿದುಕೊಂಡೇ ನೆನಪಿಗೆ ಬರುತ್ತದೆ.

ವಿನಯದ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನ್ಯಾಯವಾಗುತ್ತಿದೆ. 'ಸ್ವಲ್ಪ ನೀರು ಕೊಡಿ' ಎಂಬುದರಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲಿಯೇ ಅಡಗಿದೆ. ಅದನ್ನು 'ಗಿವ್ ಮಿ ವಾಟರ್' ಎಂದು ತಿರುಗಿಸಿದೊಡನೆ ಆ ಪ್ರತ್ಯಯ ಬಿದ್ದುಹೋಗಿ ಮಾತು ಏಕವಚನವಾಗಿ ಕೇಳಿಸುತ್ತದೆ. ಹೇಳಿದವರು ಸಾಧುಗಳು, ಕೇಳಿದವರು ಒರಟರೆಂದುಕೊಳ್ಳುತ್ತಾರೆ. 'ಕುಡ್ ಯು' ಎಂದು ಪ್ರಾರಂಭಿಸಿ. ಇಂಗ್ಲಿಷಿನಲ್ಲಿ ನಮ್ಮ 'ಇರಿ' ಪ್ರತ್ಯಯದ ಕೆಲಸ ಮಾಡುವುದು ಅದೇ. ಇನ್ನು ತಂದೆಯವರನ್ನು 'ಹೀ' ಎನ್ನಲು ನಾಲಗೆ ಹಿಂಜರಿಯುವುದು ಸಹಜ. ಹಿಂಜರಿಯಬೇಕಾದ್ದಿಲ್ಲ, ಆ ಭಾಷೆಯಲ್ಲಿ ರಾಜನೂ 'ಹೀ'ಯೇ.

ಇಷ್ಟೆಲ್ಲ ಇಂಗ್ಲಿಷನ್ನು ಹಚ್ಚಿಕೊಂಡರೆ ಕನ್ನಡ ಸೊರಗದೆ ಎಂದು ಕೇಳುವ ಸ್ನೇಹಿತರಿಗೆ ನಾನು ಬಿ. ಎಂ. ಶ್ರೀಕಂಠಯ್ಯನವರ ಹೆಸರು ಹೇಳುತ್ತೇನೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದವರು ಅವರು. 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಹೇಳಿದವರೂ ಅವರೇ. ಎರಡು ಭಾಷೆಗಳ ಎಲ್ಲೆ ತಿಳಿದವರು ಎರಡನ್ನೂ ಕಲಬೆರಕೆ ಮಾಡುವುದಿಲ್ಲ.

ಅಭ್ಯಾಸಕ್ಕೆ ಗುರುಗಳು ಎಲ್ಲಿ ಎಂದರೆ, ಒಬ್ಬರು ರೇಡಿಯೋದಲ್ಲಿಯೇ ಇದ್ದಾರೆ. ಇಂಗ್ಲಿಷ್ ವಾರ್ತೆ ಬಂದಾಗ ಅರ್ಥದ ಹಿಂದೆ ಓಡಬೇಡಿ. ಒಂದು ವಾಕ್ಯವನ್ನು ಹಿಡಿದು ಓದುವವರ ಏರಿಳಿತದಲ್ಲಿಯೇ ತಿರುಗಿ ಹೇಳಿ. ಇನ್ನೊಬ್ಬ ಗುರು ನಿಮ್ಮ ಜೇಬಿನ ಮೊಬೈಲ್ ಫೋನು. ಎರಡು ನಿಮಿಷ ಮಾತನಾಡಿ ಅದರಲ್ಲಿ ಮುದ್ರಿಸಿಕೊಳ್ಳಿ, ಆಮೇಲೆ ಕೇಳಿ. ನಮ್ಮ ದನಿ ನಮಗೇ ಮೊದಮೊದಲು ಅಪರಿಚಿತರದಂತೆ ಕೇಳಿಸುವುದುಂಟು. ನಾಲ್ಕು ದಿನದಲ್ಲಿ ಸರಿಹೋಗುತ್ತದೆ. ಅಕ್ಕಪಕ್ಕದ ಮನೆಯ ಇಬ್ಬರು ಸೇರಿ ಸಂಜೆ ಹತ್ತು ನಿಮಿಷ ಇಂಗ್ಲಿಷಿನಲ್ಲಿಯೇ ಮಾತನಾಡುವ ಕರಾರು ಮಾಡಿಕೊಂಡರೆ ಇನ್ನೂ ಮೇಲು. ಆಗ ಒಬ್ಬರನ್ನೊಬ್ಬರು ನಡುವೆ ತಡೆದು ತಿದ್ದಬಾರದು, ಮಾತು ಮುಗಿದ ಮೇಲೆ ಒಂದು ತಪ್ಪನ್ನು ಮಾತ್ರ ಹೇಳಬೇಕು. ಎಲ್ಲವನ್ನೂ ಒಟ್ಟಿಗೆ ತಿದ್ದಹೊರಟವರು ಎರಡನೆಯ ವಾರಕ್ಕೆ ಬಾಯಿ ಮುಚ್ಚಿಕೊಳ್ಳುವುದನ್ನು ನೋಡಿದ್ದೇನೆ.

ಈ ವಾರಕ್ಕೆ ವಕಾರ ಒಂದೇ ಸಾಕು. ಕನ್ನಡಿಯ ಮುಂದೆ ಐದು ನಿಮಿಷ, ಫೋನಿನ ಮುಂದೆ ಎರಡು ನಿಮಿಷ. ಪಶ್ಚಿಮವೂ ಒಳಂಗಿಯೂ ನಿಮ್ಮ ಕಿವಿಗೇ ಬೇರೆಬೇರೆಯಾಗಿ ಕೇಳಿಸುವ ತನಕ ಎರಡನೆಯ ಪಾಠಕ್ಕೆ ಹೋಗಬೇಡಿ.